ಪ್ರೊಸೆಸರೆಂಬ ಕೆರೆಯೂ ಅದರ ನೀರುಗಂಟಿಯೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವನು ಪಾಳೆಯಗಾರರಿಂದ ತೊಡಗಬಹುದು, ನಂದಿಯ ಭೋಗನಂದೀಶ್ವರನಿಂದಲೂ ತೊಡಗಬಹುದು. ಯಾವ ದಾರಿ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಮಾತ್ರ ಕೆರೆಯ ಏರಿಯ ಮೇಲೆ. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಗಿಲ್ಲ. ನಂದಿಯ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಪಕ್ಕದಲ್ಲಿ ಹಾದುಹೋಗುವ ಉತ್ತರಪಿನಾಕಿನಿ ಹೆಸರಿಗೆ ನದಿ. ವರ್ಷದ ಬಹುಭಾಗ ಅದರಲ್ಲಿರುವುದು ಮರಳೇ. ಆದ್ದರಿಂದ ಬಿದ್ದ ಮಳೆಯನ್ನು ಹಿಡಿದಿಡುವುದು, ಹಿಡಿದದ್ದನ್ನು ಹಂಚುವುದು, ಇವೆರಡೇ ಇಲ್ಲಿಯ ಜನ ಶತಮಾನಗಳಿಂದ ಕಲಿತ ದೊಡ್ಡ ವಿದ್ಯೆಗಳು. ಹಿಡಿಯುವುದು ಸುಲಭ. ಹಂಚುವುದು ಕಷ್ಟ.

ನೀರುಗಂಟಿಯೆಂಬ ಹೆಸರನ್ನು ಈಗಿನ ಹುಡುಗರು ಕೇಳಿರಲಾರರು. ತೂಬನ್ನು ಎತ್ತುವ, ಇಳಿಸುವ ಅಧಿಕಾರ ಊರಿನಲ್ಲಿ ಆತನೊಬ್ಬನದು. ಯಾರ ಗದ್ದೆಗೆ ಎಷ್ಟು ಹೊತ್ತು, ಮೊದಲು ಯಾರಿಗೆ, ಆಮೇಲೆ ಯಾರಿಗೆ, ಕೆರೆ ಅರ್ಧವೇ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ—ಈ ಲೆಕ್ಕವೆಲ್ಲ ಆತನ ತಲೆಯಲ್ಲಿ. ಕೂಲಿ ಸುಗ್ಗಿಯಲ್ಲಿ ಧಾನ್ಯವಾಗಿ ಸಲ್ಲುತ್ತಿತ್ತು. ತೂಬಿನ ಪಕ್ಕದ ಗದ್ದೆಯವನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಸರದಿ ಮುಗಿದ ಮೇಲೆ ಮಡೆ ಕಟ್ಟಲೇಬೇಕು. ಇಲ್ಲದಿದ್ದರೆ ಬಾಲಗದ್ದೆಯವನ ಪೈರು ಒಣಗುತ್ತದೆ. ಇಂಥದೇ ಯೋಚನೆಯನ್ನು ದೊಡ್ಡ ಕಾಲುವೆಗಳ ಮಟ್ಟದಲ್ಲಿ ಮಾಡಿದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತದ ನೌಕರಿಯಲ್ಲಿದ್ದಾಗ ೧೮೯೯ರ ಸುಮಾರಿಗೆ ಅವರು ತಂದ ಬ್ಲಾಕ್ ಪದ್ಧತಿಯ ತಿರುಳು, ಕಾಲುವೆಯ ನೀರನ್ನು ಹಳ್ಳಿ ಹಳ್ಳಿಗೆ ಗೊತ್ತುಮಾಡಿ ಸರದಿಯಲ್ಲಿ ಕೊಡುವುದು. ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ಅವರು ಕೂರಿಸಿದ ಬಾಗಿಲುಗಳು ನೀರಿನ ಮಟ್ಟ ಏರಿದಾಗ ತಾವಾಗಿಯೇ ತೆರೆದುಕೊಂಡು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದುವು.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಕೆರೆಯ ಮಾತು. ಈಗ ಮನೆ ಮನೆಯಲ್ಲೂ ಕಂಪ್ಯೂಟರ್ ಬಂದಿದೆ. ಅದರೊಳಗೆ ಪ್ರೊಸೆಸರ್ ಎಂಬ, ಬೆರಳುಗುರುಗಳ ಅಗಲದ ಚೂರೊಂದಿದೆ. ಅದು ಒಂದು ಸೆಕೆಂಡಿನಲ್ಲಿ ಮಾಡಬಲ್ಲ ಕೆಲಸ ಎಷ್ಟೇ ದೊಡ್ಡದಾಗಿ ಕಂಡರೂ ಅದಕ್ಕೊಂದು ಮಿತಿ ಇದೆ. ಅಂದರೆ ಅದೂ ಒಂದು ಕೆರೆಯೇ. ಆ ಕೆರೆಯ ನೀರನ್ನು ಇಂದು ಎಲ್ಲರಿಗಿಂತ ಹೆಚ್ಚಾಗಿ ಹೀರುತ್ತಿರುವುದು ಬ್ರೌಸರು. ಇದು ಹೀಗೆ ಹೇಗಾಯಿತು ಎಂಬುದಕ್ಕೆ ಮೂವತ್ತೈದು ವರ್ಷಗಳ ಒಂದು ಚರಿತ್ರೆಯಿದೆ. ರಾಜರ ಚರಿತ್ರೆಗಿಂತ ಅದು ಕಡಿಮೆ ಸ್ವಾರಸ್ಯದ್ದೇನೂ ಅಲ್ಲ.

೧೯೯೦ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬಾತ ಮೊದಲ ಬ್ರೌಸರನ್ನು ಬರೆದ. ಆತ ಬಳಸಿದ್ದು ನೆಕ್ಸ್ಟ್ ಎಂಬ ಕಪ್ಪು ಪೆಟ್ಟಿಗೆಯ ಯಂತ್ರ. ಅದರ ಪ್ರೊಸೆಸರಿನ ವೇಗ ಸೆಕೆಂಡಿಗೆ ಎರಡೂವರೆ ಕೋಟಿ ಮಿಡಿತ, ಎಂದರೆ ೨೫ ಮೆಗಾಹರ್ಟ್ಸ್. ಈಗಿನ ಸಾಧಾರಣ ಯಂತ್ರದ್ದು ಅದರ ನೂರು ಪಾಲಿಗೂ ಮಿಗಿಲು. ಅಂಥ ಬಡ ಯಂತ್ರದ ಮೇಲೆ ಆ ಬ್ರೌಸರು ಆರಾಮವಾಗಿ ಓಡಿತು. ಏಕೆಂದರೆ ಆಗಿನ ಪುಟವೆಂದರೆ ಒಂದು ಕಾಗದ. ಟಪಾಲು ಬಂತು, ಬಿಚ್ಚಿದೆವು, ಓದಿದೆವು. ಓದುವ ತನಕ ಕಾಗದ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಅದು ನಮ್ಮ ಮನೆಯ ಅಕ್ಕಿ ಬೇಳೆ ತಿನ್ನುವುದಿಲ್ಲ. ೧೯೯೩ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಹುಡುಗರು ಮೊಸೇಯಿಕ್ ಎಂಬ ಬ್ರೌಸರಿನಲ್ಲಿ ಬರಹದ ನಡುವೆಯೇ ಚಿತ್ರ ತೋರಿಸಿದರು. ಆಗಲೂ ಕಾಗದ ಕಾಗದವಾಗಿಯೇ ಉಳಿಯಿತು, ಸ್ವಲ್ಪ ಬಣ್ಣ ಬಂತು, ಅಷ್ಟೆ.

ಬದಲಾವಣೆ ಬಂದದ್ದು ೧೯೯೫ರಲ್ಲಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಆ ವರ್ಷದ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಒಂದು ಪುಟ್ಟ ಭಾಷೆಯನ್ನು ಹೊಸೆದ. ಅದೇ ಮುಂದೆ ಜಾವಾಸ್ಕ್ರಿಪ್ಟ್ ಎನ್ನಿಸಿಕೊಂಡಿತು. ಅದರಿಂದ ಪುಟದೊಳಗೆ ಬರಹದ ಜೊತೆಗೆ ಆಜ್ಞೆಗಳನ್ನೂ ಕಳುಹಿಸಬಹುದಾಯಿತು: ‘ಹೀಗೆ ಮಾಡು’, ‘ಪ್ರತಿ ಸೆಕೆಂಡಿಗೊಮ್ಮೆ ಇದನ್ನು ನೋಡು’, ‘ಅವರು ಗುಂಡಿ ಒತ್ತಿದರೆ ನನಗೆ ಹೇಳು’. ಕಾಗದ ಕಳುಹಿಸುವುದರ ಬದಲು ಕಾಗದ ಬರೆಯುವವನನ್ನೇ ಮನೆಗೆ ಕಳುಹಿಸಿದ ಹಾಗಾಯಿತು. ಬಂದವನಿಗೆ ಕೂರಲು ಜಾಗ, ಉಣ್ಣಲು ಅನ್ನ, ಎರಡೂ ನಮ್ಮದೇ. ಮೊದಮೊದಲು ಈ ಅತಿಥಿಗಳು ಬಂದು ಒಂದು ಗಳಿಗೆ ಕೂತು ಎದ್ದುಹೋಗುವವರಾಗಿದ್ದರು. ೨೦೦೪ರಲ್ಲಿ ಜಿಮೇಲ್ ಬಂತು. ಪುಟವನ್ನು ಬದಲಿಸದೆಯೇ ಒಳಗಿನ ಪತ್ರ ಮಾತ್ರ ಬದಲಾಗುವುದನ್ನು ಕಂಡು ಜನ ಬೆರಗಾದರು. ಅಲ್ಲಿಂದಾಚೆಗೆ ಪುಟವೆಂಬುದು ಓದಿ ಮಡಿಸುವ ವಸ್ತುವಾಗಿ ಉಳಿಯದೆ, ಬೆಳಗ್ಗೆ ತೆರೆದರೆ ರಾತ್ರಿಯವರೆಗೆ ಓಡುತ್ತಲೇ ಇರುವ ಯಂತ್ರವಾಯಿತು.

ನಮ್ಮ ಸೀಮೆಯಲ್ಲಿ ಈ ಬದಲಾವಣೆ ಕಣ್ಣಿಗೆ ಬಿದ್ದದ್ದು ಪಹಣಿಯಲ್ಲಿ. ರಾಜ್ಯದ ಕಂದಾಯ ಇಲಾಖೆ ‘ಭೂಮಿ’ ಎಂಬ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ೨೦೦೧ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆಯಿತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಶ್ಯಾನುಭೋಗರ ಮನೆಯ ಜಗುಲಿಯಲ್ಲಿ ಕಾದು ಕುಳಿತಿದ್ದ ತಲೆಮಾರಿಗೆ ಅದೊಂದು ಪವಾಡ. ಆದರೆ ಗಮನಿಸಬೇಕು: ಆ ಕಾಲದಲ್ಲಿ ದುಡಿಯುತ್ತಿದ್ದುದು ಕಚೇರಿಯ ಕಂಪ್ಯೂಟರು. ಅದು ಬಿಸಿಯಾಗಲಿ, ನಿಧಾನವಾಗಲಿ, ಕೆಟ್ಟುಹೋಗಲಿ, ಸರಿಮಾಡಿಸುವ ಹೊಣೆ ಸರಕಾರದ್ದು. ಈಗ ಪಹಣಿಯನ್ನೂ ವಿದ್ಯುತ್ ಬಿಲ್ಲನ್ನೂ ಮಕ್ಕಳ ಪ್ರವೇಶದ ಅರ್ಜಿಯನ್ನೂ ನಾವು ಮನೆಯಲ್ಲೇ, ಇಲ್ಲವೆ ಬೀದಿಯ ಮೂಲೆಯ ಸೈಬರ್ ಅಂಗಡಿಯಲ್ಲಿ ಬ್ರೌಸರಿನ ಮೂಲಕ ನೋಡುತ್ತೇವೆ. ಅನುಕೂಲ ಹೆಚ್ಚಿತು, ಜೊತೆಗೆ ದುಡಿಮೆಯ ಒಂದು ಪಾಲು ಕಚೇರಿಯ ಯಂತ್ರದಿಂದ ನಮ್ಮ ಯಂತ್ರಕ್ಕೆ ವರ್ಗವಾಯಿತು. ಈ ವರ್ಗಾವಣೆಗೆ ಯಾವ ಹುಕುಮೂ ಹೊರಡಲಿಲ್ಲ.

ಯಂತ್ರದೊಳಗೂ ಒಬ್ಬ ನೀರುಗಂಟಿ ಇದ್ದಾನೆ. ೧೯೬೧ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರಿನ ಕಾಲವನ್ನು ಹಲವರಿಗೆ ಚೂರು ಚೂರಾಗಿ ಹಂಚುವ ಕ್ರಮವನ್ನು ಮಾಡಿ ತೋರಿಸಿದರು. ಒಬ್ಬನಿಗೆ ಕಣ್ಣೆವೆ ಇಕ್ಕುವಷ್ಟು ಹೊತ್ತು, ಮರುಗಳಿಗೆ ಇನ್ನೊಬ್ಬನಿಗೆ. ಎಲ್ಲರಿಗೂ ಯಂತ್ರ ತನ್ನದೊಬ್ಬನದೇ ಎಂಬ ಭ್ರಮೆ. ಇಂದಿನ ಎಲ್ಲ ಯಂತ್ರಗಳೂ ನಡೆಯುವುದು ಇದೇ ಸರದಿಯ ಮೇಲೆ. ತೊಂದರೆಯೆಂದರೆ, ಈ ನೀರುಗಂಟಿ ಬ್ರೌಸರನ್ನು ಬಹುಕಾಲ ಒಂದೇ ಗದ್ದೆಯೆಂದು ತಿಳಿದಿದ್ದ. ಅದರೊಳಗೆ ಇಪ್ಪತ್ತು ಟ್ಯಾಬುಗಳಿದ್ದರೂ, ಒಂದರಲ್ಲಿ ವಿಡಿಯೋ, ಒಂದರಲ್ಲಿ ಜಾಹೀರಾತು, ಒಂದರಲ್ಲಿ ದಿಕ್ಕೆಟ್ಟು ಸುತ್ತುತ್ತಿರುವ ಆಜ್ಞೆ ಇದ್ದರೂ, ಹೊರಗಿನಿಂದ ನೋಡುವವನಿಗೆ ಕಾಣುತ್ತಿದ್ದುದು ಒಂದೇ ಅಂಕಿ: ಬ್ರೌಸರು ಇಷ್ಟು ನೀರು ಕುಡಿಯಿತು. ಕುಡಿದವರು ಯಾರು? ಉತ್ತರವಿಲ್ಲ. ಆಗ ಉಳಿದ ಚಿಕಿತ್ಸೆ ಒಂದೇ, ಎಲ್ಲವನ್ನೂ ಮುಚ್ಚಿ ಮತ್ತೆ ತೆರೆಯುವುದು.

ಹಲವು ಸದ್ದುಗಳ ನಡುವೆ ಒಂದನ್ನು ಬೇರೆಮಾಡಿ ಗುರುತಿಸುವ ಈ ಸಮಸ್ಯೆಯನ್ನು ಅದಕ್ಕಿಂತ ಎಷ್ಟೋ ಮೊದಲೇ ಬಿಡಿಸುತ್ತಿದ್ದ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರಿನಲ್ಲಿ ೧೯೬೫ರ ಸುಮಾರಿಗೆ ಭಾರತದ ಅಣುಶಕ್ತಿ ಇಲಾಖೆ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಒಂದು ಭೂಕಂಪನಮಾಪಕ ಜಾಲವನ್ನು ಹೂಡಿತು. ಲ್ಯಾಟಿನ್ನಿನ ‘ಎಲ್’ ಅಕ್ಷರದ ಆಕಾರದಲ್ಲಿ ಎರಡು ತೋಳು, ಅದರುದ್ದಕ್ಕೂ ಇಪ್ಪತ್ತು ಮಾಪಕಗಳು. ಸ್ಕಾಟ್‌ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ಅಣ್ಣತಮ್ಮಂದಿರುಂಟು. ದೂರದೇಶದಲ್ಲಿ ಯಾರಾದರೂ ಗುಟ್ಟಾಗಿ ನೆಲದಡಿ ಅಣುಸ್ಫೋಟ ನಡೆಸಿದರೆ ಅದರ ನಡುಕವನ್ನು ಹಿಡಿಯುವುದು ಅದರ ಉದ್ದೇಶ. ಒಂದೇ ಮಾಪಕವಾಗಿದ್ದರೆ ಎತ್ತಿನಗಾಡಿ, ರೈಲು, ಗಾಳಿಗೆ ತೂಗುವ ಮರ ಎಲ್ಲವೂ ಒಂದೇ ಗೀಟಿನಲ್ಲಿ ಕಲೆತುಹೋಗುತ್ತಿದ್ದುವು. ಇಪ್ಪತ್ತಿದ್ದುದರಿಂದ, ಒಂದೇ ಅಲೆ ಒಂದೊಂದನ್ನು ಎಷ್ಟೆಷ್ಟು ತಡವಾಗಿ ಮುಟ್ಟಿತು ಎಂಬ ಲೆಕ್ಕ ಹಿಡಿದು, ಆ ತಡವನ್ನು ಸರಿಪಡಿಸಿ ಎಲ್ಲವನ್ನೂ ಕೂಡಿಸಿದರೆ, ಬೇಕಾದ ಅಲೆ ಎದ್ದು ನಿಲ್ಲುತ್ತದೆ, ಬೇಡದ ಗದ್ದಲ ಒಂದನ್ನೊಂದು ಅಳಿಸುತ್ತದೆ. ಅಲೆ ಯಾವ ದಿಕ್ಕಿನಿಂದ ಬಂತೆಂಬುದೂ ಗೊತ್ತಾಗುತ್ತದೆ.

ಅದೇ ಗೌರಿಬಿದನೂರಿನಲ್ಲಿ ೧೯೭೬ರಿಂದ ರಾಮನ್ ಸಂಶೋಧನ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ರೇಡಿಯೋ ದೂರದರ್ಶಕವೂ ಇದೇ ನ್ಯಾಯದ ಮೇಲೆ ನಿಂತಿತು. ಪೂರ್ವಪಶ್ಚಿಮವಾಗಿ ೬೪೦, ದಕ್ಷಿಣಕ್ಕೆ ೩೬೦, ಒಟ್ಟು ಸಾವಿರ ತಂತಿಯ ಆಂಟೆನಾಗಳು, ಆಲಿಸುತ್ತಿದ್ದುದು ೩೪.೫ ಮೆಗಾಹರ್ಟ್ಸ್ ಅಲೆಯನ್ನು. ೧೯೯೦ರಲ್ಲಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ಅದರಿಂದ ಆಕಾಶದ ವಿಸ್ತಾರವಾದ ನಕ್ಷೆಯನ್ನು ಪ್ರಕಟಿಸಿದರು. ಸರ್ನ್‌ನಲ್ಲಿ ಮೊದಲ ಬ್ರೌಸರು ಹುಟ್ಟಿದ್ದೂ ಆ ವರ್ಷವೇ. ಇದು ಬರಿಯ ಕಾಕತಾಳೀಯ, ನಾನು ಬಲ್ಲೆ. ಆದರೂ ಹೊಲದ ನಡುವೆ ತಂತಿ ಕಟ್ಟಿ, ಆ ಕಾಲದ ಗಣಕಗಳಿಂದ ಇಡೀ ಆಕಾಶದ ಲೆಕ್ಕ ತೆಗೆದವರನ್ನು ನೆನೆದಾಗ, ಇಂದು ಒಂದು ಜಾಹೀರಾತಿನ ಕುಣಿತಕ್ಕೆ ಅದರ ಎಷ್ಟೋ ಪಾಲು ಗಣನಶಕ್ತಿ ಸುರಿದುಹೋಗುವುದನ್ನು ಕಂಡು ಹೊಟ್ಟೆ ಉರಿಯುತ್ತದೆ.

ಬ್ರೌಸರಿನ ಮಾತಿಗೆ ಬರೋಣ. ೨೦೦೮ರ ಸೆಪ್ಟೆಂಬರಿನಲ್ಲಿ ಗೂಗಲ್ ಹೊರತಂದ ಕ್ರೋಮ್, ಒಂದೊಂದು ಟ್ಯಾಬಿಗೂ ಬೇರೆ ಬೇರೆ ಗದ್ದೆಯನ್ನು ಗುರುತಿಸಿತು. ಬೇರೆ ಬೇರೆ ಪ್ರೊಸೆಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಒಂದು ಕುಸಿದರೆ ಉಳಿದವು ಕುಸಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರು ಎಷ್ಟು ಕುಡಿದರೆಂಬ ಪಟ್ಟಿಯನ್ನು ಬ್ರೌಸರೇ ತೋರಿಸತೊಡಗಿತು. ಶಿಫ್ಟ್ ಮತ್ತು ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಆ ಪಟ್ಟಿ ತೆರೆಯುತ್ತದೆ. ಫೈರ್‌ಫಾಕ್ಸ್ ಈ ದಾರಿಗೆ ಬಂದದ್ದು ೨೦೧೬ರಲ್ಲಿ. ಹೀಗೆ ತಪ್ಪಿತಸ್ಥನನ್ನು ಗುರುತಿಸುವ ವಿದ್ಯೆ ನಮಗೆ ದಕ್ಕಿತು. ಅದಕ್ಕೆ ತೆತ್ತ ಬೆಲೆ ನೆನಪಿನ ಜಾಗದಲ್ಲಿ: ಗದ್ದೆ ಹೆಚ್ಚಿದಷ್ಟೂ ಬದು ಹೆಚ್ಚಲೇಬೇಕಲ್ಲ. ೨೦೧೮ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ಮೇಲೆ ಒಂದೊಂದು ತಾಣವನ್ನೂ ಪೂರ್ತಿ ಬೇರ್ಪಡಿಸಬೇಕಾಗಿ ಬಂದಾಗ, ಬಳಕೆ ಶೇಕಡ ೧೦ರಿಂದ ೧೩ರಷ್ಟು ಏರಿತೆಂದು ಗೂಗಲ್ಲಿನವರೇ ಹೇಳಿದರು.

ಅದೇ ಕ್ರೋಮ್ ಜಾವಾಸ್ಕ್ರಿಪ್ಟನ್ನು ಬಹಳ ವೇಗವಾಗಿ ಓಡಿಸುವ ವಿ-೮ ಎಂಬ ಎಂಜಿನನ್ನೂ ತಂದಿತು. ಬೇಗ ಓಡಿದರೆ ಕೆಲಸ ಬೇಗ ಮುಗಿದು ಪ್ರೊಸೆಸರಿಗೆ ಬಿಡುವು ಸಿಗಬೇಕು. ಸಿಗಲಿಲ್ಲ. ವೇಗ ಹೆಚ್ಚಿತೆಂದು ಪುಟ ಕಟ್ಟುವವರು ಹೊರೆಯನ್ನೂ ಹೆಚ್ಚಿಸಿದರು. ಎಚ್‌ಟಿಟಿಪಿ ಆರ್ಕೈವ್ ಎಂಬ ಸಂಸ್ಥೆ ಇಡುತ್ತಿರುವ ಲೆಕ್ಕದಂತೆ, ೨೦೧೦ರಲ್ಲಿ ನಡುಮಟ್ಟದ ಒಂದು ಪುಟದ ತೂಕ ಅರ್ಧ ಮೆಗಾಬೈಟಿಗೂ ಕಡಿಮೆ. ೨೦೨೪ರಲ್ಲಿ ಸುಮಾರು ೨.೬ ಮೆಗಾಬೈಟ್. ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವೊನ್ಸ್ ೧೮೬೫ರಲ್ಲೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಕಂಡಿದ್ದ: ಎಂಜಿನುಗಳು ಮಿತವ್ಯಯಿಗಳಾದಷ್ಟೂ ದೇಶದಲ್ಲಿ ಉರಿಯುವ ಕಲ್ಲಿದ್ದಲು ಹೆಚ್ಚಿತು. ೧೯೯೫ರಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್, ಯಂತ್ರ ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶ ಮಂದವಾಗುತ್ತದೆ ಎಂದು ದೂರಿದ. ಇದಕ್ಕೆ ಇಂಗ್ಲೆಂಡು, ಸ್ವಿಟ್ಜರ್ಲೆಂಡುಗಳ ಸಾಕ್ಷಿ ನಮಗೆ ಬೇಕಿರಲಿಲ್ಲ. ಕಪಿಲೆಯ ಬದಲು ಪಂಪು ಬಂದಾಗ, ಪಂಪಿನ ಬದಲು ಕೊಳವೆಬಾವಿ ಬಂದಾಗ, ನೀರೆತ್ತುವುದು ಸುಲಭವಾದಷ್ಟೂ ನೀರು ಆಳಕ್ಕೆ ಇಳಿದುದನ್ನು ಚಿಂತಾಮಣಿಯ ಯಾವ ರೈತನೂ ಹೇಳಬಲ್ಲ.

ಇಷ್ಟು ಶಾಸ್ತ್ರ ಹೇಳಿದ ಮೇಲೆ ಒಂದು ಉದಾಹರಣೆಯನ್ನೂ ಹೇಳಬೇಕು. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದವನು. ಕಂಪ್ಯೂಟರಿನ ಗೀಳು ಹಿಡಿದವನೆಂದು ಸುತ್ತಮುತ್ತ ಪ್ರಸಿದ್ಧಿ. ಈಚೆಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಮನೆಯೊಂದರಿಂದ ಕರೆ ಬಂತು. ಮನೆಯ ಯಜಮಾನರಾದ ಸಾಹೇಬರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಗೂಡಿನ ಮಾರುಕಟ್ಟೆಯ ದರ ನೋಡುವುದು, ಬ್ಯಾಂಕಿನ ಲೆಕ್ಕ, ಮಗಳ ಕಾಲೇಜಿನ ಅರ್ಜಿ, ಎಲ್ಲಕ್ಕೂ ಅವರ ಮನೆಗೆ ಎಂಟು ವರ್ಷದ ಒಂದು ಲ್ಯಾಪ್‌ಟಾಪೇ ಆಧಾರ.

“ಮೇಷ್ಟ್ರೇ, ಸುಮ್ನೆ ಕೂತ್ರೂ ನಮ್ಮ ಫಿಲೇಚರ್ ಮೋಟ್ರು ಹಂಗೆ ಕೂಗ್ತದೆ ಇದು. ಅಂಗಡಿಯೋನು ಹೊಸಾದು ತಗೊಳ್ಳಿ ಅಂತಾನೆ. ಮೂವತ್ತು ಸಾವ್ರ ಎಲ್ಲಿಂದ ತರ್ಲಿ? ಗೂಡಿನ ರೇಟು ನಿಮಗೂ ಗೊತ್ತಲ್ಲ,” ಎಂದರು.

“ಸಾಹೇಬರೇ, ಹೊಸದನ್ನು ಆಮೇಲೆ ಯೋಚಿಸೋಣ. ಮೊದಲು ಇದರ ನೀರು ಎಲ್ಲಿ ಸೋರ್ತಾ ಇದೆ ನೋಡೋಣ,” ಎಂದು ಕುಳಿತೆ.

ಮೊದಲು ಬ್ರೌಸರನ್ನು ಪೂರ್ತಿ ಮುಚ್ಚಿದೆ. ಎರಡು ನಿಮಿಷದಲ್ಲಿ ಫ್ಯಾನಿನ ಕೂಗು ಇಳಿಯಿತು. ವಿಂಡೋಸನ್ನಾಗಲಿ ವೈರಸನ್ನಾಗಲಿ ಬೈಯುವ ಅವಶ್ಯಕತೆ ಇಲ್ಲವೆಂದು ಅದರಿಂದಲೇ ಗೊತ್ತಾಯಿತು. ಮತ್ತೆ ತೆರೆದು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ, ಯಾರೂ ಏನೂ ಮುಟ್ಟದಿದ್ದರೂ ಬ್ರೌಸರಿನ ಅಂಕಿ ಶೇಕಡ ೨೫ರಲ್ಲಿ ಬಂದು ನಿಂತುಬಿಟ್ಟಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ೨೫ ಎಂಬುದು ಸುಳಿವು. ಆ ಯಂತ್ರದ ಪ್ರೊಸೆಸರಿಗೆ ನಾಲ್ಕು ಕೋರ್, ಎಂದರೆ ನಾಲ್ಕು ತೂಬು. ವಿಂಡೋಸು ನಾಲ್ಕನ್ನೂ ಸೇರಿಸಿ ನೂರು ಎಂದು ಎಣಿಸುತ್ತದೆ. ಹಾಗಾದರೆ ೨೫ರಲ್ಲಿ ಅಲುಗಾಡದೆ ನಿಂತಿತೆಂದರೆ, ಯಾರೋ ಒಬ್ಬ ಒಂದು ತೂಬನ್ನು ಪೂರ್ತಿ ಎತ್ತಿ, ಅದಕ್ಕೆ ಕಲ್ಲು ಒಡ್ಡಿಟ್ಟು ಹೋಗಿದ್ದಾನೆಂದು ಅರ್ಥ. ಜಾವಾಸ್ಕ್ರಿಪ್ಟು ಒಂದು ಪುಟದಲ್ಲಿ ಸಾಮಾನ್ಯವಾಗಿ ಒಂದು ಕಾಲಕ್ಕೆ ಒಂದೇ ತೂಬಿನಲ್ಲಿ ಹರಿಯುತ್ತದೆ. ಕೊನೆಯಿಲ್ಲದೆ ಸುತ್ತುವ ಆಜ್ಞೆಯ ಲಕ್ಷಣವೇ ಇದು. ಕ್ರೋಮಿನ ಸ್ವಂತ ಪಟ್ಟಿ ಒಂದು ತೂಬನ್ನೇ ನೂರು ಎಂದು ಎಣಿಸುವುದರಿಂದ ಅಲ್ಲಿ ಅದೇ ವಸ್ತು ೧೦೦ ಎಂದು ಕಂಡಿತು. ಎರಡು ಪಟ್ಟಿಗಳ ಅಂಕಿಗಳು ತಾಳೆಯಾಗುವುದಿಲ್ಲವೆಂದು ಗಾಬರಿಯಾಗುವವರು ಇದನ್ನು ನೆನಪಿಡಬೇಕು.

ಆ ಪಟ್ಟಿಯಲ್ಲಿ ಮೇಲೆ ಕುಳಿತಿದ್ದುದು ಟ್ಯಾಬಲ್ಲ, ಒಂದು ಎಕ್ಸ್‌ಟೆನ್ಷನ್. ಬ್ರೌಸರಿಗೆ ಬಾಲದಂತೆ ಅಂಟಿಸಿಕೊಳ್ಳುವ ಕಿರು ತಂತ್ರಾಂಶ. ಖಚಿತಮಾಡಿಕೊಳ್ಳಲು ಖಾಸಗಿ ಕಿಟಕಿಯನ್ನು ತೆರೆದೆ. ನಾವಾಗಿ ಒಪ್ಪಿಗೆ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿ ಓಡುವುದಿಲ್ಲ. ಮೊದಲಿನ ಕಿಟಕಿಯನ್ನು ಮುಚ್ಚಿ ಅದೊಂದನ್ನೇ ಬಿಟ್ಟಾಗ ಯಂತ್ರ ಶಾಂತವಾಗಿತ್ತು. ಪಟ್ಟಿಯ ಹೆಸರು ನೋಡಿ ಹುಡುಗ ತಲೆ ತಗ್ಗಿಸಿದ. ಆನ್‌ಲೈನ್ ಅಂಗಡಿಗಳಲ್ಲಿ ರಿಯಾಯಿತಿ ಹುಡುಕಿಕೊಡುತ್ತೇನೆಂದು ಹೇಳಿಕೊಳ್ಳುವ ಒಂದನ್ನು ಆತ ಯಾವಾಗಲೋ ಸೇರಿಸಿ ಮರೆತಿದ್ದನಂತೆ. ರಿಯಾಯಿತಿ ಸಿಕ್ಕಿತೇ ಎಂದು ಕೇಳಿದೆ. “ಒಂದ್ಸಲ ನಲವತ್ತು ರೂಪಾಯಿ ಸರ್,” ಎಂದ. ಸಾಹೇಬರು ನಕ್ಕರು. ಅದನ್ನು ಕಿತ್ತುಹಾಕಿದೆವು. ಹೆಸರು ಸಿಗದೆ ಹೋಗಿದ್ದರೆ ಅರ್ಧವನ್ನು ಆರಿಸಿ, ತೊಂದರೆ ಯಾವ ಅರ್ಧದಲ್ಲಿದೆ ನೋಡಿ, ಆ ಅರ್ಧವನ್ನು ಮತ್ತೆ ಅರ್ಧಮಾಡುತ್ತ ಹೋಗಬೇಕಾಗುತ್ತಿತ್ತು. ಕೊಳವೆ ಎಲ್ಲಿ ಒಡೆದಿದೆಯೆಂದು ಹುಡುಕುವವರೂ ಮಾಡುವುದು ಅದನ್ನೇ.

ಇಷ್ಟಾದರೂ ವಿಡಿಯೋ ಹಾಕಿದರೆ ಫ್ಯಾನು ಮತ್ತೆ ಕೂಗುತ್ತಿತ್ತು. ಇದರ ಕಥೆ ಬೇರೆ. ವಿಡಿಯೋ ನಮಗೆ ಬರುವುದು ಹಿಂಡಿ ಮಡಿಸಿದ ರೂಪದಲ್ಲಿ. ಅದನ್ನು ಬಿಡಿಸಲು ಯಂತ್ರದ ಚಿತ್ರಚಿಪ್ಪಿನಲ್ಲಿ ಅದಕ್ಕೆಂದೇ ಮಾಡಿದ ಭಾಗವಿದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಪ್ರೊಸೆಸರೇ ಕೈಯಿಂದ ಬಿಡಿಸಬೇಕು. ಹಿಂದೆ ಫ್ಲ್ಯಾಷ್ ಎಂಬುದು ಬ್ರೌಸರುಗಳಲ್ಲಿ ಮೆರೆಯುತ್ತಿದ್ದಾಗ, ೨೦೧೦ರಲ್ಲಿ ಸ್ಟೀವ್ ಜಾಬ್ಸ್ ಅದನ್ನು ಐಫೋನಿಗೆ ಬಿಡೆನೆಂದು ಬರೆದ ಬಹಿರಂಗ ಪತ್ರದಲ್ಲಿ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಚಿಪ್ಪು ಬಿಡಿಸಿದರೆ ಹತ್ತು ಗಂಟೆ ನಡೆಯುವ ವಿಡಿಯೋ, ತಂತ್ರಾಂಶ ಬಿಡಿಸಿದರೆ ಬ್ಯಾಟರಿ ಬರಿದಾಗಿ ಐದು ಗಂಟೆಯೊಳಗೆ ನಿಲ್ಲುತ್ತದೆ. ಫ್ಲ್ಯಾಷಿನ ಕಥೆ ೨೦೨೦ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ಆದರೆ ಸಮಸ್ಯೆ ವೇಷ ಬದಲಿಸಿ ಬಂತು. ಯೂಟ್ಯೂಬಿನವರು ಹಳೆಯ ಎಚ್.೨೬೪ ಎಂಬ ಮಡಿಕೆಯ ಬದಲು ವಿಪಿ-೯ ಎಂಬ ಹೊಸ ಮಡಿಕೆಯನ್ನು ಬಳಸತೊಡಗಿದರು. ಅದರಿಂದ ಕಳುಹಿಸುವವರಿಗೂ ತರಿಸಿಕೊಳ್ಳುವವರಿಗೂ ಡೇಟಾ ಉಳಿತಾಯ. ಇಂಟೆಲ್ ಚಿಪ್ಪುಗಳಲ್ಲಿ ಅದನ್ನು ಪೂರ್ತಿಯಾಗಿ ಬಿಡಿಸುವ ಭಾಗ ಬಂದದ್ದು ೨೦೧೬ರಲ್ಲಿ ಹೊರಬಿದ್ದ ಏಳನೆಯ ಪೀಳಿಗೆಯಲ್ಲಿ. ಅದಕ್ಕೆ ಹಿಂದಿನ ಯಂತ್ರ ಇಟ್ಟುಕೊಂಡವನ ಪ್ರೊಸೆಸರು ಬೆವರಬೇಕು. ಉಳಿತಾಯದ ಪಾಲು ಎಲ್ಲರಿಗೂ ಬಂತು, ಬೆವರಿನ ಪಾಲು ಹಳೆಯ ಯಂತ್ರದವನಿಗೆ ಮಾತ್ರ.

ಸಾಹೇಬರ ಯಂತ್ರ ಏಳನೆಯ ಪೀಳಿಗೆಯದೇ ಆಗಿತ್ತು. ಆದರೆ ಬ್ರೌಸರಿನ ವ್ಯವಸ್ಥೆಯಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಎಂಬ ಗುಂಡಿಯನ್ನು ಯಾರೋ ಆರಿಸಿದ್ದರು. ಹೊತ್ತಿಸಿದೆವು. ಕೊನೆಯದಾಗಿ ತಳದ ಮುಚ್ಚಳ ಬಿಚ್ಚಿದರೆ, ಫ್ಯಾನಿನ ರೆಕ್ಕೆಗಳಿಗೆ ರೇಷ್ಮೆಯ ಎಳೆಚೂರು ಧೂಳಿನೊಡನೆ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಶಿಡ್ಲಘಟ್ಟದ ಮನೆಯೆಂಬುದಕ್ಕೆ ಬೇರೆ ಮುದ್ರೆ ಬೇಕಿರಲಿಲ್ಲ. ಶಾಖ ಹೊರಹೋಗದಿದ್ದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಆಗ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗಿ, ಶೇಕಡ ಅಂಕಿ ಏರಿದಂತೆ ಕಾಣುತ್ತದೆ. ಮೃದುವಾದ ಬ್ರಷ್ಷಿನಿಂದ ಅದನ್ನೆಲ್ಲ ತೆಗೆದೆವು. ಮೂವತ್ತು ಸಾವಿರ ಉಳಿಯಿತು. ಮಗಳ ಅರ್ಜಿಗೆ ಆಗ ಎರಡು ದಿನವಷ್ಟೇ ಗಡುವಿತ್ತು, ಅದೂ ಅದೇ ಯಂತ್ರದಿಂದಲೇ ಹೋಯಿತು.

ಎಲ್ಲ ಸೋರಿಕೆಯೂ ಇಷ್ಟು ಮುಗ್ಧವಾದದ್ದಲ್ಲ. ೨೦೧೭ರ ಸೆಪ್ಟೆಂಬರಿನಲ್ಲಿ ಕಾಯಿನ್‌ಹೈವ್ ಎಂಬ ಸೇವೆಯೊಂದು ಹುಟ್ಟಿತು. ಪುಟದೊಳಗೆ ಒಂದೆರಡು ಸಾಲು ಸೇರಿಸಿದರೆ ಸಾಕು, ಆ ಪುಟವನ್ನು ನೋಡುತ್ತಿರುವವರ ಪ್ರೊಸೆಸರು ಅವರಿಗೆ ತಿಳಿಯದಂತೆ ಮೊನೆರೊ ಎಂಬ ಗೂಢನಾಣ್ಯವನ್ನು ಟಂಕಿಸುವ ಲೆಕ್ಕಕ್ಕೆ ದುಡಿಯುತ್ತಿತ್ತು. ಕಳ್ಳರು ಇತರರ ತಾಣಗಳಿಗೆ ನುಗ್ಗಿ ಆ ಸಾಲುಗಳನ್ನು ಸೇರಿಸತೊಡಗಿದರು. ೨೦೧೮ರ ಫೆಬ್ರುವರಿಯಲ್ಲಿ ಕುರುಡರಿಗೆ ಪುಟವನ್ನು ಓದಿಹೇಳುವ ಒಂದು ಸಾಧನದೊಳಕ್ಕೇ ಅದನ್ನು ತುರುಕಿದ್ದರಿಂದ ನಾಲ್ಕು ಸಾವಿರಕ್ಕೂ ಮೀರಿದ ತಾಣಗಳು ಒಟ್ಟಿಗೆ ಅಂಟುರೋಗಕ್ಕೆ ಸಿಕ್ಕಿದುವು, ಬ್ರಿಟಿಷ್ ಸರಕಾರದವೂ ಸೇರಿದಂತೆ. ಅದೇ ವರ್ಷ ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೌರಾಡಳಿತಕ್ಕೆ ಸೇರಿದ ತ�ಾಣಗಳಲ್ಲೂ, ತಿರುಪತಿ ನಗರಪಾಲಿಕೆಯದೂ ಸೇರಿ, ಇದು ಪತ್ತೆಯಾಯಿತು. ಗೌರಿಬಿದನೂರಿನಿಂದ ಹಿಂದೂಪುರ ಕೂಗಳತೆಯ ದೂರ. ಆಚೆ ಈಚೆಯ ನೆಂಟಸ್ತಿಕೆ ಇರುವ ನಮ್ಮವರೂ ಆ ತಾಣಗಳನ್ನು ತೆರೆದಿರಬಹುದು. ನಾಣ್ಯದ ಬೆಲೆ ಕುಸಿದು ೨೦೧೯ರ ಮಾರ್ಚ್ ೮ರಂದು ಕಾಯಿನ್‌ಹೈವ್ ಬಾಗಿಲು ಮುಚ್ಚಿತು. ಬಿಟ್ಟಿ ಚಾಕರಿ ಎಂಬುದು ಪಾಳೆಯಗಾರರ ಕಾಲಕ್ಕೆ ಮುಗಿದಿತ್ತೆಂದು ತಿಳಿದಿದ್ದವರಿಗೆ ಇದೊಂದು ಪಾಠ.

ಬ್ರೌಸರು ಕಟ್ಟುವವರು ಕೈಕಟ್ಟಿ ಕುಳಿತಿರಲಿಲ್ಲ. ೨೦೧೭ರ ಮಾರ್ಚಿನಲ್ಲಿ ಕ್ರೋಮಿನ ೫೭ನೆಯ ಆವೃತ್ತಿಯಿಂದ, ಕಣ್ಣಿಗೆ ಕಾಣದೆ ಹಿಂದೆ ಬಿದ್ದಿರುವ ಟ್ಯಾಬಿನ ಗಡಿಯಾರ-ಆಜ್ಞೆಗಳಿಗೆ ಒಂದು ಕೋರಿನ ನೂರನೆಯ ಒಂದು ಪಾಲನ್ನಷ್ಟೇ ಕೊಡುವ ಕಟ್ಟುಪಾಡು ಬಂತು. ೨೦೨೧ರಲ್ಲಿ ೮೮ನೆಯ ಆವೃತ್ತಿ ಇನ್ನೂ ಬಿಗಿಮಾಡಿ, ಬಹಳ ಹೊತ್ತು ಹಿಂದೆ ಬಿದ್ದಿರುವ ಟ್ಯಾಬಿನ ಆ ಆಜ್ಞೆಗಳು ನಿಮಿಷಕ್ಕೊಮ್ಮೆ ಮಾತ್ರ ಏಳಬಹುದೆಂದಿತು. ೨೦೨೩ರಲ್ಲಿ ಮುಟ್ಟದೆ ಬಿಟ್ಟ ಟ್ಯಾಬುಗಳನ್ನು ನಿದ್ದೆಗೆ ಕಳುಹಿಸುವ ಏರ್ಪಾಡೂ ಬಂತು. ಇವು ತಾವಾಗಿ ಮುಚ್ಚಿಕೊಳ್ಳುವ ಖಡಕವಾಸ್ಲಾದ ಬಾಗಿಲುಗಳ ಜಾತಿಗೆ ಸೇರಿದುವು. ಸಂಗೀತ ಹಾಡುತ್ತಿರುವ ಟ್ಯಾಬಿಗೆ ಮಾತ್ರ ವಿನಾಯಿತಿ; ಅದನ್ನು ಕಂಡುಕೊಂಡ ಕೆಲವರು ಕೇಳಿಸದಷ್ಟು ಸಣ್ಣ ಸದ್ದು ಹೊರಡಿಸಿ ಎಚ್ಚರವಾಗಿರುವುದನ್ನೂ ಕಲಿತರು. ನೀರುಗಂಟಿಯ ಕಣ್ಣು ತಪ್ಪಿಸಿ ರಾತ್ರಿ ಮಡೆ ಒಡೆಯುವವರು ಯಾವ ಊರಿನಲ್ಲಿಲ್ಲ!

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇನ್ನೊಂದು ವಿಷಯ. ೨೦೨೩ರ ಆರಂಭದಿಂದ ಕ್ರೋಮಿನ ಹೊಸ ಆವೃತ್ತಿಗಳು ವಿಂಡೋಸ್ ೭ ಮತ್ತು ೮ ಇರುವ ಯಂತ್ರಗಳಿಗೆ ಬರುವುದು ನಿಂತಿತು. ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೂ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ ೧೧ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಸಾಹೇಬರ ಮನೆಯ ಏಳನೆಯ ಪೀಳಿಗೆಯೂ ಅದರಲ್ಲಿ ಸೇರಿದೆ. ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ನಾನು ಚಿಂತಾಮಣಿಯಲ್ಲಿ ಮೂರು ಮನೆಗಳಲ್ಲಿ ಹಾಕಿಕೊಟ್ಟಿದ್ದೇನೆ. ಹುಡುಗರು ಎರಡು ದಿನ ಮುಖ ಸಿಂಡರಿಸಿ ಆಮೇಲೆ ಒಗ್ಗಿಕೊಂಡರು. ಆದರೆ ಯಂತ್ರವನ್ನು ಎಷ್ಟೇ ಹಗುರಮಾಡಿದರೂ ಅದಕ್ಕೆ ಬಂದು ಬೀಳುವ ಪುಟ ಹಗುರವಾಗದು.

ಪುಟವೇ ಹಗುರವಾಗಿದ್ದರೆ ಹೇಗಿರುತ್ತದೆಂದು ತಿಳಿಯುವ ಕುತೂಹಲ ಇರುವವರು ಲಿಂಕ್ಸ್ ಎಂಬ ಬ್ರೌಸರನ್ನು ಒಮ್ಮೆ ನೋಡಬೇಕು. ೧೯೯೨ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ್ದು; ಇವತ್ತಿಗೂ ಅದನ್ನು ತಿದ್ದಿ ನಡೆಸಿಕೊಂಡು ಬರುತ್ತಿದ್ದಾರೆ. ಚಿತ್ರವಿಲ್ಲ, ಬಣ್ಣ ಹೆಚ್ಚಿಲ್ಲ, ಜಾವಾಸ್ಕ್ರಿಪ್ಟಂತೂ ಇಲ್ಲವೇ ಇಲ್ಲ; ಬರಿಯ ಅಕ್ಷರ. ಮೊನ್ನೆ ಅದರಲ್ಲಿ ನಮ್ಮ ಜಿಲ್ಲೆಯನ್ನು ಕುರಿತ ಒಂದು ಕನ್ನಡ ಪುಟವನ್ನು ತೆರೆದೆ. ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಬಂತು, ಪ್ರೊಸೆಸರಿನ ಅಂಕಿ ಶೇಕಡ ಒಂದನ್ನೂ ಮುಟ್ಟಲಿಲ್ಲ. ಆ ಕಪ್ಪು ಕಿಟಕಿಗೆ ನಮ್ಮ ಒತ್ತಕ್ಷರ ಕೂಡಿಸಲು ಮಾತ್ರ ಬಾರದು. ಶಿಡ್ಲಘಟ್ಟವೆಂಬುದು ಶಿಡ್‌ಲಘಟ್‌ಟ ಎಂದು ಬಿಡಿಬಿಡಿಯಾಗಿ ಕುಳಿತಿತ್ತು.